ಬಂದರಿಲ್ಲದ ಸೀಮೆಯ ಧಕ್ಕೆಗಳು: ನಂದಿ, ಅಂತರಗಂಗೆ, ಗುಡಿಬಂಡೆ, ಮಾರ್ಕೋನಹಳ್ಳಿ – ಮೊದಲು ಯಾವುದು?

ಅಕ್ಕನ ಮಗ ಬೆಂಗಳೂರಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾನೆ. ಹೋದ ಡಿಸೆಂಬರ್‌ನಲ್ಲಿ ಚಿಂತಾಮಣಿಗೆ ಬಂದವನು ಊಟಕ್ಕೆ ಕೂತಾಗ ಗೋಳು ತೋಡಿಕೊಂಡ. ಹಳೆ ಬಂದರುಗಳ ಕಲ್ಲಿನ ಧಕ್ಕೆ, ಅಂದರೆ ದೋಣಿ ನಿಲ್ಲುವ ಕಟ್ಟೆ ಬಗ್ಗೆ ಕಾಲೇಜಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ. ಜಾಗಕ್ಕೆ ಹೋಗಿ, ಚಿತ್ರ ಬರೆದು, ಹೇಗೆ ಕಟ್ಟಿದ್ದಾರೆ ಅಂತ ವಿವರಿಸಬೇಕಂತೆ. ಜೊತೆಯವರೆಲ್ಲ ಮಂಗಳೂರು, ಕೊಚ್ಚಿ ಅಂತ ಟಿಕೆಟ್ ಮಾಡಿಸಿ ಆಗಿದೆ.

"ನಮ್ಮ ಕಡೆ ಸಮುದ್ರಾನೂ ಇಲ್ಲ, ನೀರು ಹರಿಯೋ ಹೊಳೆನೂ ಇಲ್ಲ. ನಾನೇನು ಬರೀಲಿ ಮಾವ?"

"ಧಕ್ಕೆ ಇಲ್ಲ ಅಂತ ನಿಂಗ್ಯಾರೋ ಹೇಳಿದ್ದು? ಮುದ್ದೆ ಮುಗಿಸು, ಹೇಳ್ತೀನಿ."

ನಾನು ಎಂಜಿನಿಯರ್ ಅಲ್ಲ. ಕೆರೆ ಕೆಲಸ ಮಾಡುವ ಗುತ್ತಿಗೆದಾರರೊಬ್ಬರ ಹತ್ತಿರ ಇಪ್ಪತ್ತು ವರ್ಷ ಸೈಟ್ ನೋಡಿಕೊಂಡವನು. ಟೇಪು ಹಿಡಿದು ಅಳತೆ ತೆಗೆಯೋದು, ಬಿಲ್ಲಿಗೆ ಲೆಕ್ಕ ಹೊಂದಿಸೋದು ನನ್ನ ಕೆಲಸ. ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಕಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ), ಕಲ್ಯಾಣಿ ಅಂತ ಬಿಸಿಲಲ್ಲಿ ನಿಂತು ನಿಂತು ಕಲ್ಲಿನ ಮುಖ ನೋಡಿದರೆ ಒಂದಿಷ್ಟು ಅರ್ಥ ಆಗುತ್ತದೆ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಒಂದು ದಿನ ರಜೆ ಇದೆ, ನೀರಂಚಿನ ಹಳೆ ಕಲ್ಲುಕಟ್ಟಡ ನೋಡಬೇಕು, ಎಲ್ಲಿಗೆ ಹೋಗೋದು ಅಂತ ಕೇಳುವವರಿಗೂ ಇದು ಆಗಿಬರಬಹುದು.

ಧಕ್ಕೆಗೂ ಕಲ್ಯಾಣಿಗೂ ಏನು ನಂಟು

ಮಂಗಳೂರು ಕಡೆ ದೋಣಿ ಬಂದು ನಿಲ್ಲುವ ಕಟ್ಟೆಗೆ ಧಕ್ಕೆ ಅನ್ನುತ್ತಾರೆ. ದೋಣಿ, ಹಗ್ಗ, ಮೀನಿನ ಬುಟ್ಟಿ ಎಲ್ಲ ಬದಿಗಿಟ್ಟು ಬರೀ ಗೋಡೆ ನೋಡಿ. ಒಂದು ಕಡೆ ಮಣ್ಣು, ಇನ್ನೊಂದು ಕಡೆ ನೀರು, ನಡುವೆ ಕಲ್ಲು. ನಮ್ಮ ಕಲ್ಯಾಣಿಯೂ ಅದೇ, ಕೆರೆ ಏರಿಯ ಒಳಮೈಯೂ ಅದೇ. ಕಷ್ಟವೂ ಒಂದೇ.

ಆ ಕಷ್ಟ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನೀರು ತುಂಬಿದಾಗ ಗೋಡೆಗೆ ಅಪಾಯ ಅಂದುಕೊಂಡಿರುತ್ತಾರೆ. ನಿಜ ಏನಂದ್ರೆ, ತುಂಬಿದ ನೀರು ಮುಂದಿನಿಂದ ಗೋಡೆಗೆ ಹೆಗಲು ಕೊಟ್ಟು ನಿಂತಿರುತ್ತದೆ. ಅಪಾಯ ಬರೋದು ನೀರು ಇಳಿದಾಗ. ಎದುರಿನ ನೀರು ಹೋಯಿತು, ಗೋಡೆ ಹಿಂದಿನ ಮಣ್ಣು ಮಾತ್ರ ಇನ್ನೂ ನೆನೆದೇ ಇದೆ. ಅದರೊಳಗಿನ ನೀರಿಗೆ ಹೊರಗೆ ಬರಲು ದಾರಿ ಬೇಕು. ದಾರಿ ಸಿಗದಿದ್ದರೆ ಗೋಡೆಯನ್ನೇ ಮುಂದಕ್ಕೆ ತಳ್ಳುತ್ತದೆ. ಸಮುದ್ರದಲ್ಲಿ ಈ ಪರೀಕ್ಷೆ ದಿನಕ್ಕೆ ಎರಡು ಸಲ, ಉಬ್ಬರ ಇಳಿದಾಗಲೆಲ್ಲ. ನಮ್ಮಲ್ಲಿ ವರ್ಷಕ್ಕೊಂದು ಸಲ, ಬೇಸಿಗೆಯಲ್ಲಿ.

ಹಳಬರು ಇದಕ್ಕೆ ಎರಡು ಉಪಾಯ ಮಾಡಿದ್ದರು. ಒಂದು, ಗೋಡೆಯನ್ನು ನೆಟ್ಟಗೆ ನಿಲ್ಲಿಸದೆ ಹಿಂದಕ್ಕೆ ಒರಗಿಸೋದು. ಕಲ್ಯಾಣಿಯ ಮೆಟ್ಟಿಲುಗಳು ಸ್ನಾನಕ್ಕೆ ಇಳಿಯಲು ಮಾತ್ರ ಅಂದುಕೊಳ್ಳಬೇಡಿ. ಒಂದೊಂದು ಸಾಲೂ ತನ್ನ ಕೆಳಗಿನದ್ದಕ್ಕಿಂತ ಒಂದು ಹೆಜ್ಜೆ ಹಿಂದೆ ಕೂತಿರುತ್ತದೆ. ಹಾಗಾಗಿ ಕಲ್ಲಿನ ಭಾರವೆಲ್ಲ ಮಣ್ಣಿನ ಮೇಲೆ ಒರಗುತ್ತದೆ. ಇನ್ನೊಂದು, ಸಂದಿಗೆ ಗಾರೆ ತುಂಬದೆ ಕಲ್ಲಿಗೆ ಕಲ್ಲು ಕೂರಿಸೋದು. ಆ ಸಂದಿಗಳಲ್ಲಿ ಮಣ್ಣಿನ ನೀರು ಸದ್ದಿಲ್ಲದೆ ಜಿನುಗಿ ಹೋಗುತ್ತದೆ.

ಕಲ್ಲು ಬೇರೆ ಅಷ್ಟೇ. ಕರಾವಳಿಯಲ್ಲಿ ಮುರಕಲ್ಲು (ಲ್ಯಾಟರೈಟ್) ಜಾಸ್ತಿ. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಮ್ಮದು ಬೂದು ಬಣ್ಣದ ಗ್ರಾನೈಟ್. ಉಳಿ ಹಾಕಿದರೆ ಕಿಡಿ ಹಾರುತ್ತದೆ. ಅದನ್ನು ಸೀಳಿ ಸೈಜುಗಲ್ಲು ಮಾಡಬೇಕಾದರೆ ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಒಂದೇ ಹದದಲ್ಲಿ ಸುತ್ತಿಗೆ ಬಡಿಯುತ್ತಾ ಹೋಗಬೇಕು. ಹಳೆ ಗೋಡೆ ಹತ್ತಿರ ಹೋದಾಗ ಕಲ್ಲಿನ ಅಂಚು ನೋಡಿ. ಎಷ್ಟೋ ಕಲ್ಲಲ್ಲಿ ಅರ್ಧ ಕುಳಿಗಳ ಸಾಲು ಇನ್ನೂ ಹಾಗೇ ಇರುತ್ತದೆ, ರೊಟ್ಟಿ ಅಂಚಲ್ಲಿ ಹಲ್ಲಿನ ಗುರುತು ಇದ್ದ ಹಾಗೆ.

ಯಾವಾಗ ಹೋಗಬೇಕು

ಎಲ್ಲರೂ ಹೇಳೋದು, ಮಳೆಗಾಲ ಮುಗಿದ ಮೇಲೆ ಹೋಗಿ, ನೀರು ತುಂಬಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ಫೋಟೋಗೆ ಹೋಗುವವರಿಗೆ ಆ ಮಾತು ಸರಿ. ಕಟ್ಟಡ ನೋಡಬೇಕು ಅನ್ನುವವರು ಮಾರ್ಚ್ ಕೊನೆಯಿಂದ ಮೇ ಒಳಗೆ ಹೋಗಬೇಕು. ನೀರು ಇಳಿದಾಗ ಕೆಳಗಿನ ಮೆಟ್ಟಿಲು, ಪಾಯದ ಸಾಲು, ತೂಬಿನ ಬಾಯಿ ಎಲ್ಲ ಹೊರಗೆ ಬರುತ್ತವೆ. ಗೋಡೆ ಮೇಲೆ ವರ್ಷ ವರ್ಷದ ನೀರಿನ ಮಟ್ಟ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಬಿಸಿಲು ಜೋರು, ಒಪ್ಪುತ್ತೇನೆ. ಬೆಳಗ್ಗೆ ಏಳಕ್ಕೆ ಅಲ್ಲಿದ್ದು ಹತ್ತೂವರೆಗೆ ವಾಪಸ್ ಹೊರಟರೆ ಆಯಿತು. ಇಳಿ ಬಿಸಿಲಿಗಿಂತ ಏರು ಬಿಸಿಲಲ್ಲಿ ಉಳಿ ಗುರುತು ಚೆನ್ನಾಗಿ ಕಾಣುತ್ತದೆ ಅನ್ನೋದು ನನ್ನ ಅನುಭವ. ಬಹುಶಃ ಸಂಜೆ ಹೊತ್ತಿಗೆ ನನ್ನ ಕಣ್ಣೇ ದಣಿದಿರುತ್ತದೋ ಏನೋ.

ನೀರು ಹರಿಯುವ ಸದ್ದು ಕೇಳಬೇಕು ಅಂತಿದ್ದರೆ ಮಾತ್ರ ಮಳೆಗಾಲದ ಕೊನೆಗೆ ಹೋಗಿ. 2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ಕೋಡಿ ಹೋದವು. ಜನ ಬುತ್ತಿ ಕಟ್ಟಿಕೊಂಡು ಕೋಡಿ ನೋಡಲು ಹೋಗಿದ್ದರು. ಅದೇ ಬೇರೆ ಸಂಭ್ರಮ ಬಿಡಿ.

ನಂದಿಯ ಶೃಂಗಿ ತೀರ್ಥ

ಒಂದೇ ಒಂದು ಜಾಗ ನೋಡಲು ಆಗೋದು ಅಂದರೆ ಇದನ್ನೇ ನೋಡಿ. ನಂದಿ ಬೆಟ್ಟ ಹತ್ತುವವರು ಬೆಟ್ಟದ ಬುಡದ ನಂದಿ ಗ್ರಾಮವನ್ನು ಸುಮ್ನೆ ದಾಟಿ ಹೋಗಿಬಿಡುತ್ತಾರೆ. ಭೋಗನಂದೀಶ್ವರ ದೇವಸ್ಥಾನ ಇರೋದು ಅಲ್ಲಿ. ಚಿಕ್ಕಬಳ್ಳಾಪುರದಿಂದ ಹತ್ತು ಕಿಲೋಮೀಟರ್ ಒಳಗೆ. ರೈಲಲ್ಲಿ ಬರುವವರು ನಂದಿ ಹಾಲ್ಟ್‌ನಲ್ಲಿ ಇಳಿದು ನಡೆದೇ ಬರಬಹುದು.

ಇಲ್ಲಿಯ ಶಿವನ ಗುಡಿಯ ಪ್ರಸ್ತಾಪ 806ರ ಹೊತ್ತಿನ ಶಾಸನದಲ್ಲೇ ಇದೆ. ನೊಳಂಬ ಅರಸರ ಕಾಲ ಅದು. ಆಮೇಲೆ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದೊಂದು ಸೇರಿಸುತ್ತಾ ಹೋದರು. ಹಾಗಾಗಿ ಒಂದೇ ಪೌಳಿಯೊಳಗೆ ನೂರಾರು ವರ್ಷದ ಕಲ್ಲುಕೆಲಸ ಪಕ್ಕಪಕ್ಕದಲ್ಲಿ ಸಿಗುತ್ತದೆ. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳು, ನಡುವೆ ಪುಟ್ಟ ಉಮಾಮಹೇಶ್ವರ. ಜನ ಕಲ್ಯಾಣ ಮಂಟಪದ ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ಕಲ್ಯಾಣಿ ಇರೋದು ಪಕ್ಕದ ಪ್ರಾಕಾರದಲ್ಲಿ. ಬಾಗಿಲು ದಾಟಿ ಒಳಗೆ ಹೋದರೆ ಥಟ್ಟನೆ ನೆಲವೇ ಕೆಳಗೆ ಇಳಿದ ಹಾಗೆ ಕಾಣುತ್ತದೆ.

ಇದಕ್ಕೆ ಶೃಂಗಿ ತೀರ್ಥ ಅಂತ ಹೆಸರು. ಶೃಂಗ ಅಂದರೆ ಕೊಂಬು. ನಂದಿ ಕೊಂಬಲ್ಲಿ ನೆಲ ತಿವಿದು ಗಂಗೆ ತರಿಸಿದ ಅನ್ನೋದು ಸ್ಥಳದ ಕಥೆ. ಪಿನಾಕಿನಿ ಹೊಳೆ ಹುಟ್ಟೋದೂ ಇಲ್ಲೇ ಅನ್ನುತ್ತಾರೆ. ಸುತ್ತಲೂ ಕಂಬಸಾಲಿನ ಮಂಟಪ, ನಡುವೆ ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲು. ಹಬ್ಬದ ದಿನ ಮೆಟ್ಟಿಲ ಮೇಲೆ ದೀಪ ಹಚ್ಚುತ್ತಾರೆ.

ಇಲ್ಲಿ ನೋಡಬೇಕಾದ್ದು ಮೂಲೆಗಳು. ಯಾವ ಕಲ್ಲುಕಟ್ಟಡದ್ದೇ ಆಗಲಿ, ಯೋಗ್ಯತೆ ಗೊತ್ತಾಗೋದು ಮೂಲೆಯಲ್ಲಿ. ಎರಡು ಕಡೆಯ ಮೆಟ್ಟಿಲು ಸಾಲು ಬಂದು ಸೇರುವಾಗ ಮಟ್ಟ ಒಂದು ಬೆರಳು ತಪ್ಪಿದರೂ ಕಣ್ಣಿಗೆ ಕುಕ್ಕುತ್ತದೆ. ಮೆಟ್ಟಿಲ ಮೇಲ್ಮೈ ಒಂದಿಷ್ಟು ಒರಟಾಗಿರೋದನ್ನೂ ಗಮನಿಸಿ. ಪೂರ್ತಿ ನುಣುಪು ಮಾಡಿದ್ದರೆ ಪಾಚಿ ಕಟ್ಟಿದಾಗ ಕಾಲು ನಿಲ್ಲುವುದಿಲ್ಲ. ಗುಡಿಯೊಳಗಿನ ಕಂಬಕ್ಕೆ ಕನ್ನಡಿಯ ಹಾಗೆ ಉಜ್ಜಿದ ಕೈಗಳಿಗೆ ಇಲ್ಲಿ ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಗೊತ್ತಿತ್ತು.

ಕೊರತೆ ಏನು? ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಇದು. ನೀರಿನವರೆಗೆ ಇಳಿಯಲು ಯಾವಾಗಲೂ ಬಿಡುವುದಿಲ್ಲ. ಗೇಟು ಹಾಕಿದ್ದರೆ ಮೇಲಿನಿಂದಲೇ ನೋಡಿ ಬರಬೇಕು. ಟೇಪು ಹಿಡಿದು ಅಳೆಯುವ ಆಸೆ ಇದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಿ. ಭಾನುವಾರ ಮದುವೆ ಫೋಟೋದವರ ಕಾಟವೂ ಇರುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಈ ಪಟ್ಟಿಯಲ್ಲೇ ಸಲೀಸಾದ ಜಾಗ ಇದು, ಹತ್ತುವುದು ಏನೂ ಇಲ್ಲ.

ಅಷ್ಟು ದೂರ ಹೋದವರು ಬೆಟ್ಟದ ಮೇಲಿನ ಅಮೃತ ಸರೋವರವನ್ನೂ ನೋಡಬಹುದು. 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಕಲ್ಲು ಮೆಟ್ಟಿಲಿನ ಕೊಳ ಅದು. ಕೋಟೆಗೆ ನೀರು ಕೊಟ್ಟಿದ್ದೂ ಅದೇ. ಚೆನ್ನಾಗಿದೆ. ಆದರೆ ವಾರದ ಕೊನೆಯಲ್ಲಿ ಬೆಟ್ಟದ ದಾರಿಯಲ್ಲಿ ಕಾರುಗಳ ಸಾಲು ನೋಡಿದರೆ ಅರ್ಧ ಉತ್ಸಾಹ ಕೆಳಗೇ ಇಳಿದುಹೋಗುತ್ತದೆ. ವಾರದ ನಡುವೆ ಹೋಗುವವರಿಗೆ ಮಾತ್ರ ಹೇಳುತ್ತಿದ್ದೇನೆ.

ಅಂತರಗಂಗೆ

ಕೋಲಾರ ಪೇಟೆ ಪಕ್ಕದಲ್ಲೇ ಶತಶೃಂಗ ಬೆಟ್ಟದ ಸಾಲು. ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಮುಂದೆ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಾ ಇರುತ್ತದೆ. ಸುತ್ತಮುತ್ತ ಸಾವಿರ ಅಡಿ ಬೋರು ಕೊರೆದರೂ ಧೂಳೇ ಬಂದ ವರ್ಷಗಳಲ್ಲೂ ಜನ ಇಲ್ಲಿಗೆ ಕ್ಯಾನ್ ಹಿಡಿದು ಬಂದದ್ದನ್ನು ನಾನೇ ನೋಡಿದ್ದೇನೆ.

ಕಟ್ಟಡ ಅಂತ ನೋಡಿದರೆ ನಂದಿ ಮುಂದೆ ಇದು ಸಣ್ಣದು. ಕೆತ್ತನೆಯ ಆಡಂಬರ ಇಲ್ಲ. ಆದರೆ ಧಕ್ಕೆಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಇಲ್ಲಿ ನೀರು ನೆಲದ ಮಟ್ಟದಿಂದ ಏರಿ ಇಳಿಯುವುದಿಲ್ಲ, ಬೆಟ್ಟದ ಒಳಗಿನಿಂದ ಬರುತ್ತದೆ. ಬಂಡೆಯ ಬಿರುಕಲ್ಲಿ ಇಳಿದ ಮಳೆನೀರು ನಿಧಾನಕ್ಕೆ ಹಾದು ಬಂದು ಹೊರಬೀಳುತ್ತದೆ. ಕಟ್ಟಿದವರು ಅದನ್ನು ತಡೆಯಲು ಹೋಗದೆ, ಬರುವ ದಾರಿಗೊಂದು ಬಾಯಿ ಇಟ್ಟರು. ಬಸವನ ಬಾಯಿ.

ಮಂಗಗಳ ವಿಷಯ ಹೇಳಲೇಬೇಕು. ಒಮ್ಮೆ ಮನೆಯವಳು ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಪಕ್ಕದಲ್ಲಿಟ್ಟು ಮೆಟ್ಟಿಲಿನ ಅಗಲ ಅಳೆಯುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಡಬ್ಬಿ ಬಂಡೆ ಮೇಲಿತ್ತು. ಮುಚ್ಚಳ ಬಿಚ್ಚೋದು ನನಗಿಂತ ಅದಕ್ಕೆ ಚೆನ್ನಾಗಿ ಬರುತ್ತಿತ್ತು. ಕಡ್ಲೆಬೀಜ ಮಾತ್ರ ಆರಿಸಿ ತಿಂದು ಅನ್ನವನ್ನು ಕೆಳಗೆ ಎರಚಿತು. ಹಾಗಾಗಿ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ. ಮಕ್ಕಳಿದ್ದರೆ ಇಲ್ಲಿಗೆ ಕರೆದುಕೊಂಡು ಹೋಗಿ, ಹತ್ತಿದ್ದೂ ಆಯಿತು, ಗುಹೆ ನೋಡಿದ್ದೂ ಆಯಿತು, ಮಂಗನ ಆಟವೂ ಆಯಿತು. ಮಂಡಿ ನೋವಿನವರು ಬೇಡ. ಕೆಳಗಿಳಿದ ಮೇಲೆ ಪೇಟೆಯ ಸೋಮೇಶ್ವರ, ಕೋಲಾರಮ್ಮ ಗುಡಿಗಳು ಹೇಗೂ ದಾರಿಯಲ್ಲೇ ಇವೆ.

ಗುಡಿಬಂಡೆ: ಮೇಲೆ ದೊಣೆ, ಕೆಳಗೆ ಕೆರೆ

ನನಗೆ ಇಷ್ಟವಾದ ಜಾಗ ಇದು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಪೇರೇಸಂದ್ರ ಹತ್ತಿರ ತಿರುಗಿಕೊಂಡು ಹೋದರೆ ಗುಡಿಬಂಡೆ. ಪಾಳೇಗಾರ ಬೈರೇಗೌಡನ ಕೋಟೆ, ತುದಿಯಲ್ಲಿ ಶಿವನ ಗುಡಿ. ಬೆಟ್ಟ ಪೂರ್ತಿ ಬಂಡೆ. ಬಾವಿ ತೋಡುವ ಮಾತೇ ಇಲ್ಲ. ಮೇಲೆ ಬಿದ್ದ ಮಳೆಯನ್ನೇ ಹಿಡಿಯಬೇಕು.

ಅದಕ್ಕೆ ಬಂಡೆಯಲ್ಲೇ ದೊಣೆಗಳು, ಅಂದರೆ ಮಳೆನೀರು ನಿಲ್ಲುವ ಹೊಂಡಗಳು. ಒಟ್ಟು 19 ಇವೆ ಅಂತ ಲೆಕ್ಕ. ಮೇಲಿನದು ತುಂಬಿದರೆ ಮುಂದಿನದಕ್ಕೆ, ಅದು ತುಂಬಿದರೆ ಕೆಳಗಿನದಕ್ಕೆ. ನಮ್ಮ ಜಿಲ್ಲೆಯ ಕೆರೆಗಳದ್ದೂ ಇದೇ ಕ್ರಮ ಅಲ್ವಾ? ಮೇಲಿನೂರ ಕೆರೆಯ ಕೋಡಿ ನೀರು ಕೆಳಗಿನೂರ ಕೆರೆಗೆ. ಪಾಲಾರ್, ಪೆನ್ನಾರ್, ಚಿತ್ರಾವತಿ, ಅರ್ಕಾವತಿ ಎಲ್ಲ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ, ಆದರೆ ಒಂದರಲ್ಲೂ ವರ್ಷಪೂರ್ತಿ ನೀರಿಲ್ಲ. ಹುಟ್ಟಿದ ಮನೆಯಲ್ಲಿ ಹೊಳೆಗೆ ಬಲ ಇರುವುದಿಲ್ಲ. ಅದಕ್ಕೇ ನಮ್ಮವರು ಹೊಳೆ ನಂಬದೆ ಕೆರೆ ಕಟ್ಟಿದರು. ಆ ಕೆರೆ ಸರಪಳಿಯ ಸಣ್ಣ ಮಾದರಿ ಈ ಬೆಟ್ಟದ ಮೇಲಿದೆ.

ದೊಣೆಯಲ್ಲಿ ನಾಲ್ಕೂ ಕಡೆ ಕಟ್ಟಿದ ಗೋಡೆ ಇರುವುದಿಲ್ಲ. ಮೂರು ಕಡೆ ಬಂಡೆಯೇ ಗೋಡೆ, ತಗ್ಗಿರುವ ಕಡೆ ಮಾತ್ರ ಕಲ್ಲು ಕಟ್ಟಿ ತಡೆದಿರುತ್ತಾರೆ. ಕಟ್ಟಿದ ಕಲ್ಲು ಹುಟ್ಟುಬಂಡೆಗೆ ಸೇರುವ ಜಾಗಕ್ಕೆ ಕೈಯಿಟ್ಟು ನೋಡಿ. ಸೋರಿದರೆ ಸೋರಬೇಕಾದ್ದು ಅಲ್ಲೇ.

ಬೆಟ್ಟದಿಂದ ಕೆಳಗೆ ನೋಡಿದರೆ ಅಮಾನಿಬೈರಸಾಗರ. ತುಂಬಿದಾಗ ಭಾರತದ ನಕ್ಷೆ ಹಾಗೆ ಕಾಣುತ್ತದೆ ಅಂತ ಎಲ್ಲರೂ ಫೋಟೋ ಹಾಕುತ್ತಾರೆ. ನಕ್ಷೆ ನೋಡಿ ಆದ ಮೇಲೆ ಕೆಳಗಿಳಿದು ಏರಿ ಮೇಲೂ ಒಂದು ಸಲ ನಡೆದು ಬನ್ನಿ. ಬೆಟ್ಟದಿಂದ ಬೆಟ್ಟಕ್ಕೆ ಏರಿ ಹಾಕುವಾಗ ಜಾಗ ಆರಿಸಿದವನ ಕಣ್ಣು ಎಂಥದ್ದು ಅಂತ ಗೊತ್ತಾಗಲು ಏರಿ ಮೇಲೇ ನಿಲ್ಲಬೇಕು.

ತೊಂದರೆ ಅಂದರೆ ನೆರಳಿಲ್ಲ. ನೀರು, ಟೋಪಿ, ಒಳ್ಳೆ ಚಪ್ಪಲಿ ಬೇಕೇ ಬೇಕು. ದೊಣೆ ಪಕ್ಕದಲ್ಲಿ ಪಾಚಿ ಜಾರುತ್ತದೆ, ಆಳ ಕಾಣುವುದಿಲ್ಲ. ಮಕ್ಕಳ ಕೈ ಬಿಡಬೇಡಿ.

ಊರ ಕೆರೆ ಏರಿ

ಇದನ್ನು ಯಾರೂ ನೋಡುವ ಜಾಗಗಳ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ಬಂದರಿನ ಧಕ್ಕೆಗೆ ತೀರಾ ಹತ್ತಿರದ ಕಟ್ಟಡ ಅಂದರೆ ಇದೇ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಯಾವ ಊರಿಗೆ ಬೇಕಾದರೂ ಹೋಗಿ. ಏರಿಯ ಒಳಮೈಗೆ ಕಲ್ಲು ಜೋಡಿಸಿರುತ್ತಾರೆ, ಅಲೆ ಬಡಿದು ಮಣ್ಣು ಕೊಚ್ಚಿಹೋಗದ ಹಾಗೆ. ನೀರೊಳಗೆ ಎರಡು ಕಲ್ಲುಕಂಬ ನಿಂತಿರುತ್ತವೆ, ನಡುವೆ ಅಡ್ಡಗಲ್ಲು. ಅದು ತೂಬು. ತಳದ ಚಪ್ಪಡಿಯಲ್ಲೊಂದು ತೂತು, ತೂತಿಗೊಂದು ಗೂಟ. ನೀರಗಂಟಿ ಅಡ್ಡಗಲ್ಲಿನ ಮೇಲೆ ನಿಂತು ಗೂಟ ಎತ್ತಿದರೆ ಏರಿ ಕೆಳಗಿನ ಕಾಲುವೆಯಲ್ಲಿ ಗದ್ದೆಗೆ ನೀರು. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನೋದು ಅವನ ತಲೆಯಲ್ಲಿತ್ತು.

ಮೇ ತಿಂಗಳಲ್ಲಿ ಕೆರೆ ಅಂಗಳಕ್ಕೆ ಇಳಿದು ತೂಬಿನ ಕಂಬದ ಬುಡದಿಂದ ಮೇಲಕ್ಕೆ ನೋಡಿದ್ದೀರಾ? ಏರಿ ಮೇಲೆ ನಿಂತಾಗ ಮೊಳದಷ್ಟು ಕಂಡ ಕಂಬ ಆಳೆತ್ತರಕ್ಕಿಂತ ಮೇಲಿರುತ್ತದೆ. ನೀರಲ್ಲಿ ಮುಳುಗುವ ಭಾಗಕ್ಕೂ ಹೂವು ಕೆತ್ತಿದ ಕಂಬ ನೋಡಿದ್ದೇನೆ. ವರ್ಷದಲ್ಲಿ ಎರಡು ತಿಂಗಳು ಮಾತ್ರ ಕಾಣುವ ಹೂವು ಅದು. ಯಾರು ನೋಡಲಿ ಅಂತ ಕೆತ್ತಿದರೋ.

ದೊಡ್ಡ ಕೆರೆಯೇ ಬೇಕು ಅನ್ನುವವರು ಬೇತಮಂಗಲಕ್ಕೆ ಹೋಗಲಿ. ಪಾಲಾರ್ ನೀರಿನ ಕೆರೆ, ಕೆಜಿಎಫ್ ಗಣಿಯ ಊರಿಗೆ ಕುಡಿಯುವ ನೀರು ಹೋದದ್ದು ಇಲ್ಲಿಂದ. ಚಿನ್ನದ ಕಥೆ ಹೇಳುವವರು ಈ ನೀರಿನ ಕಥೆ ಹೇಳುವುದು ಕಡಿಮೆ.

ತುಮಕೂರು ಕಡೆಯವರಿಗೆ

ತುಮಕೂರಿಂದ ಹೊರಡುವವರಿಗೆ ನಾನು ಮಾರ್ಕೋನಹಳ್ಳಿ ಹೇಳುತ್ತೇನೆ. ಕುಣಿಗಲ್ ತಾಲೂಕಲ್ಲಿ, ಎಡೆಯೂರು ದಾಟಿ ಹೋದರೆ ಸಿಗುತ್ತದೆ. ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು. ಇದು ಪುರಾತನ ಅಲ್ಲ, ಕಲ್ಯಾಣಿಗಳ ಜೊತೆ ಇಟ್ಟು ನೋಡಿದರೆ ನಿನ್ನೆ ಮೊನ್ನೆಯದು. ಆದರೆ ಇದರ ಕೋಡಿ ನೋಡಲೇಬೇಕು. ಗೇಟು ಎತ್ತುವ ಕೆಲಸವೇ ಇಲ್ಲದ ಸೈಫನ್ ಕೋಡಿ ಅದು.

ಅದು ಹೇಗೆ ಅಂದರೆ, ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯಲು ಪೈಪನ್ನು ಬಾಯಲ್ಲಿ ಎಳೆದು ಕೆಳಗೆ ಬಿಡುತ್ತಿದ್ದರಲ್ಲ, ಅದೇ ಲೆಕ್ಕ. ಇಲ್ಲಿ ಎಳೆಯುವ ಬಾಯಿ ನೀರೇ. ಕೆರೆ ಮಟ್ಟ ಒಂದು ಗೆರೆ ದಾಟಿದ ಕೂಡಲೇ ಬಾಗಿದ ದಾರಿಯೊಳಗಿನ ಗಾಳಿಯನ್ನು ನೀರು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಮೇಲೆ ನೀರು ಜೋರಾಗಿ ಧುಮುಕುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ಒಳಗೆ ಹೋಗುತ್ತದೆ, ನೀರು ತಾನೇ ನಿಲ್ಲುತ್ತದೆ. ಕರೆಂಟ್ ಬೇಡ, ರಾತ್ರಿ ಪಾಳಿಯವನೂ ಬೇಡ. ನಾನು ಮೇಲೆ ಬೇಸಿಗೆಗೆ ಹೋಗಿ ಅಂದೆನಲ್ಲ, ಇದೊಂದಕ್ಕೆ ಆ ಮಾತು ವಾಪಸ್. ತುಂಬಿ ಹರಿಯುವಾಗಲೇ ಹೋಗಬೇಕು, ಆದರೆ ಪೊಲೀಸರು ಹಗ್ಗ ಕಟ್ಟಿದ ಕಡೆಯೇ ನಿಲ್ಲಬೇಕು.

ಕೋಟೆ ಇಷ್ಟ ಇರುವವರಿಗೆ ಶಿರಾ. ಕೋಟೆ ಸುತ್ತಲಿನ ಕಂದಕದ ಕಲ್ಲುಗೋಡೆ ನೀರಂಚಿನ ಕಟ್ಟಡವೇ. 1638ರಲ್ಲಿ ಬಿಜಾಪುರದವರು, 1687ರಲ್ಲಿ ಮೊಘಲರು ಈ ಊರು ಹಿಡಿದರು. ಒಂದು ಕಾಲಕ್ಕೆ ಮೊಘಲ್ ಸುಬೇದಾರನ ಊರು ಇದು. ಮಲಿಕ್ ರಿಹಾನ್ ಗೋರಿ, ಜುಮ್ಮಾ ಮಸೀದಿ ಸೇರಿಸಿ ಅರ್ಧ ದಿನ ಸಾಕು. ಬೆಂಗಳೂರು ಕಡೆಯಿಂದ ಬರುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋದರೆ ಅದು ಅವರ ಹಣೆಬರಹ.

ಸಮುದ್ರವೇ ಬೇಕು ಅಂದರೆ

ಬಸ್ಸು ಹತ್ತಿ ಹೋಗಿ ಬನ್ನಿ, ತಪ್ಪೇನಿಲ್ಲ. ಕುಂದಾಪುರದ ಹತ್ತಿರ ಬಸ್ರೂರು ಇದೆ. ಹೊಳೆ ದಂಡೆಯ ಹಳೆ ಬಂದರು, 1665ರಲ್ಲಿ ಶಿವಾಜಿ ಹಡಗಲ್ಲಿ ಬಂದು ದಾಳಿ ಮಾಡಿದ ಊರು. ಕುಮಟಾ ಕಡೆ ಅಘನಾಶಿನಿ ಹತ್ತಿರದ ಮಿರ್ಜಾನ್ ಕೋಟೆಯಲ್ಲಿ ಮುರಕಲ್ಲಿನ ಕೆಲಸ ಕಣ್ಣು ತುಂಬ ಸಿಗುತ್ತದೆ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಇವತ್ತಿಗೂ ಮೀನುಗಾರರ ಗದ್ದಲ ಇದೆ. ಅದರ ಮುಂದೆ ನಮ್ಮ ಕಲ್ಯಾಣಿ ಸಪ್ಪೆ ಅನಿಸಬಹುದು. ಆದರೆ ಹೋಗಿ ಬರಲು ಎರಡು ರಾತ್ರಿ ಬೇಕು. ಗುಡಿಬಂಡೆಗೆ ಬೆಳಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ.

ಸಿಮೆಂಟ್ ಬಳಿದಿದ್ದರೆ

ಎಲ್ಲಿಗೆ ಹೋದರೂ ಮೊದಲು ಸಂದಿ ನೋಡಿ. ಈಚೆಗೆ ನರೇಗಾ ಕೆಲಸದಲ್ಲಿ ಎಷ್ಟೋ ಊರಿನ ಕಲ್ಯಾಣಿಗಳ ಹೂಳು ತೆಗೆದಿದ್ದಾರೆ, ಗಿಡ ಕಿತ್ತಿದ್ದಾರೆ. ತುಂಬಾ ಒಳ್ಳೆ ಕೆಲಸ. ಅದರ ಜೊತೆಗೆ ಕೆಲವು ಕಡೆ ಸಂದಿಗೆ ಸಿಮೆಂಟ್ ತುಂಬಿ, ಮೇಲೆ ಬಣ್ಣ ಹೊಡೆದಿರುತ್ತಾರೆ. ನೋಡಲು ಅಚ್ಚುಕಟ್ಟು. ಕಲ್ಲುಕೆಲಸ ನೋಡಲು ಹೋದವರಿಗೆ ಅಲ್ಲಿ ಕಾಣಿಸೋದು ಸಿಮೆಂಟಿನ ಗೆರೆ ಮಾತ್ರ.

ಇದನ್ನು ನಾನು ಹೇಳಿದರೆ ನಗಬೇಕು. ನಮ್ಮ ತಾಲೂಕಿನ ಒಂದು ಊರಲ್ಲಿ ಸಣ್ಣ ಕಲ್ಯಾಣಿ ಇತ್ತು. ಉತ್ತರದ ಗೋಡೆಯ ಸಂದಿಯಲ್ಲಿ ಅತ್ತಿ ಗಿಡ ಬೆಳೆದು ಎರಡು ಕಲ್ಲು ಜರುಗಿತ್ತು, ಅಷ್ಟೇ. ನಾವು ಗಿಡ ಕಿತ್ತು ನಾಲ್ಕೂ ಕಡೆ ಸಂದಿಗೆ ಸಿಮೆಂಟ್ ತುಂಬಿದೆವು. ಎಷ್ಟು ಚದರ ಮೀಟರ್ ಅಂತ ಟೇಪು ಹಿಡಿದು ಅಳೆದವನು ನಾನೇ. ಊರವರು ತೆಂಗಿನಕಾಯಿ ಒಡೆದು ಖುಷಿಪಟ್ಟರು. ಅಲ್ಲಿಯ ಕಲ್ಲು ಕೆಲಸದ ಮುದುಕರೊಬ್ಬರು ಮಾತ್ರ ಗೋಡೆ ಹತ್ತಿರ ಬಂದು ಸಂದಿ ಮೇಲೆ ಹೆಬ್ಬೆಟ್ಟು ಆಡಿಸಿ, "ಉಸುರು ಕಟ್ಟಿಬುಟ್ರಲ್ಲ ಸಾಮಿ" ಅಂದರು. ನನಗೆ ಅರ್ಥ ಆಗಲಿಲ್ಲ. ಎರಡನೇ ಬೇಸಿಗೆಗೆ ನೀರು ಇಳಿದಾಗ ಉತ್ತರದ ಗೋಡೆ ಹೊಟ್ಟೆ ಬಿಟ್ಟಿತ್ತು. ಮೂರನೆಯದಕ್ಕೆ ಹನ್ನೊಂದು ಅಡಿ ಉದ್ದಕ್ಕೆ ಕೆಳಗೆ ಬಂತು. ಬಿದ್ದ ಗ್ರಾನೈಟ್ ಒಂದೂ ಒಡೆದಿರಲಿಲ್ಲ. ಸಿಮೆಂಟ್ ಮಾತ್ರ ಬಿಸ್ಕತ್ತಿನ ಹಾಗೆ ಚೂರಾಗಿ ಕಲ್ಲಿಗೆ ಅಂಟಿಕೊಂಡಿತ್ತು.

ಹಾಗಾಗಿ ನೋಡಲು ಹೋದಾಗ ಹೀಗೆ ಮಾಡಿ. ಗೋಡೆಯ ಒಂದು ತುದಿಯಲ್ಲಿ ಕಣ್ಣಿಟ್ಟು ಇನ್ನೊಂದು ತುದಿಗೆ ನೇರ ನೋಡಿ. ನಡುವೆ ಉಬ್ಬಿದ್ದರೆ ಗೊತ್ತಾಗುತ್ತದೆ. ಉಬ್ಬಿನ ಕೆಳಗಿನ ಮೆಟ್ಟಿಲಲ್ಲಿ ಕೂರಬೇಡಿ.

ಅವನು ಯಾವುದು ಆರಿಸಿದ

ಅಕ್ಕನ ಮಗನಿಗೆ ಇದೆಲ್ಲ ಹೇಳಿ, ನಿಂಗೆ ಚಿತ್ರ ಬರೆಯೋಕೆ ನಂದಿ, ತಲೆ ಓಡಿಸೋಕೆ ಗುಡಿಬಂಡೆ, ದುಡ್ಡೇ ಖರ್ಚಿಲ್ಲದೆ ಆಗಬೇಕು ಅಂದ್ರೆ ನಮ್ಮೂರ ಕೆರೆ ತೂಬು ಅಂದೆ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದ. ಅವರೂ ಆಗಲಿ ಅಂದರಂತೆ, ಆದರೆ ಬಂದರಿನ ಧಕ್ಕೆಯೊಂದಕ್ಕೆ ಹೋಲಿಸಿ ಬರೆಯಬೇಕು ಅಂತ ಹೇಳಿ.

ಮಾರನೇ ದಿನ ಇಬ್ಬರೂ ನಂದಿಗೆ ಹೋದೆವು. ಡಿಸೆಂಬರ್, ಕಲ್ಯಾಣಿ ತುಂಬಿತ್ತು. ಇಳಿಯಲು ಬಿಡಲಿಲ್ಲ. ಅವನು ಮಂಟಪದ ಕಂಬಕ್ಕೆ ಒರಗಿ ಮೂರು ಗಂಟೆ ಹೊತ್ತು ಒಂದೇ ಮೂಲೆ ಬರೆದ. ನಾನು ಪಕ್ಕದಲ್ಲಿ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದೆ. ಹೊರಡುವಾಗ ಹಾಳೆ ತೋರಿಸಿದ. ಮೆಟ್ಟಿಲುಗಳು ಒಂದರ ಕೆಳಗೊಂದು ಬಂದು ನೀರಿನ ಗೆರೆ ಹತ್ತಿರ ನಿಂತಿದ್ದವು. ಅದರ ಕೆಳಗೆ ಅರ್ಧ ಹಾಳೆ ಖಾಲಿ.

"ಕೆಳಗಿನ್ನೂ ಎಷ್ಟಿವೆಯೋ ಗೊತ್ತಿಲ್ಲ ಮಾವ. ಊಹೆ ಮಾಡಿ ಬರೆದ್ರೆ ಸುಳ್ಳಾಗುತ್ತೆ."

"ಏಪ್ರಿಲ್ ಎರಡನೇ ವಾರ ಬಾ. ಪ್ರಾಜೆಕ್ಟ್ ಕೊಡೋ ಕೊನೇ ದಿನ ಯಾವಾಗ?"

"ಮಾರ್ಚ್ 30."